ಮಣಿಪಾಲದಲ್ಲಿ ಓದುವ ಮಕ್ಕಳನ್ನು ಕಾಣಲು ಹೋದಾಗ ತಂಗುವ ಖರ್ಚಿನ ಲೆಕ್ಕ

ಹಸಿ ಅಡಿಕೆಯ ತೂಕ ನೋಡಿ ಯಾವ ಬೆಳೆಗಾರನೂ ವರ್ಷದ ಆದಾಯ ಬರೆಯುವುದಿಲ್ಲ. ಒಣಗಿಸಿ, ಸುಲಿದು, ಆರಿಸಿದ ಮೇಲೆ ಕೈಯಲ್ಲಿ ಉಳಿಯುವುದೇ ಲೆಕ್ಕ. ಕಾಫಿಯವರಿಗೂ ಹಣ್ಣಿನ ತೂಕ ಬೇರೆ, ಒಣಗಿದ ಬೀಜದ ತೂಕ ಬೇರೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಮಕ್ಕಳನ್ನು ನೋಡಲು ಊರು ಬಿಟ್ಟು ಹೋದಾಗ ಇದೇ ಬೆಳೆಗಾರರು ಲಾಡ್ಜಿನ ದಿನಬಾಡಿಗೆ ಒಂದನ್ನೇ ನೋಡಿ ‘ಇದು ಅಗ್ಗ, ಅದು ದುಬಾರಿ’ ಎಂದು ತೀರ್ಮಾನಿಸುವುದುಂಟು. ದಿನಬಾಡಿಗೆ ಎಂಬುದು ಹಸಿ ತೂಕ. ತೆರಿಗೆ, ಬಸ್ಸು, ರಿಕ್ಷಾ, ಕಳೆದುಹೋಗುವ ಹೊತ್ತು ಇವೆಲ್ಲ ಸೇರಿದ ಮೇಲಿನದೇ ನಿಜವಾದ ಖರ್ಚು. ಈ ಲೆಕ್ಕ ತಿಳಿಯದೆ, ‘ರೂಮಿಗೇ ಅಷ್ಟು ಕೊಡಬೇಕು’ ಎಂದು ಹೆದರಿ, ಮಗುವನ್ನು ಸೇರಿಸಿ ಬಂದ ಮೇಲೆ ವರ್ಷವಿಡೀ ಆ ಕಡೆ ಹೋಗದವರೂ ಇದ್ದಾರೆ. ಮನೆ ಬಿಟ್ಟು ಮೊದಲ ಸಲ ಹಾಸ್ಟೆಲು ಸೇರಿದ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಆದುದರಿಂದ ಈ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮಣಿಪಾಲದಲ್ಲಿ ರೂಮಿಗೆ ಬೇಡಿಕೆ ಏಕೆ?

ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. ವೈದ್ಯಕೀಯ ಕಾಲೇಜಿಗೆ 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಹೀಗಾಗಿ ಅಲ್ಲಿ ರೂಮು ಕೇಳುವವರು ವಿದ್ಯಾರ್ಥಿಗಳ ತಂದೆತಾಯಿ ಮಾತ್ರವಲ್ಲ. ಆಸ್ಪತ್ರೆಗೆ ದೂರದಿಂದ ಬಂದ ರೋಗಿಗಳ ಕಡೆಯವರು ವರ್ಷವಿಡೀ ಇರುತ್ತಾರೆ. ಕಾಲೇಜು ಸೇರುವ ದಿನಗಳಲ್ಲಿಯೂ ಪದವಿ ಪ್ರದಾನದ ದಿನಗಳಲ್ಲಿಯೂ ಬೇಡಿಕೆ ಇನ್ನಷ್ಟು ಏರುತ್ತದೆ. ಬೇಡಿಕೆ ಏರಿದಾಗ ಧಾರಣೆ ಏರುವುದು ನಮ್ಮ ಮಾರುಕಟ್ಟೆಯಲ್ಲಿ ಹೇಗೋ ಅಲ್ಲಿಯೂ ಹಾಗೆಯೇ.

ಸುತ್ತಲಿನ ಊರುಗಳು

ಮಣಿಪಾಲದಿಂದ ಸುಮಾರು 5 ಕಿ.ಮೀ. ಪಶ್ಚಿಮಕ್ಕೆ ಉಡುಪಿ. ಸಿಟಿ ಬಸ್ಸುಗಳು ಮಣಿಪಾಲದ ಟೈಗರ್ ಸರ್ಕಲಿಗೆ ಮೇಲಿಂದ ಮೇಲೆ ಓಡುತ್ತವೆ. ಬಸ್ ನಿಲ್ದಾಣದ ಸುತ್ತ ಸಾಧಾರಣ ಲಾಡ್ಜುಗಳಿವೆ. ಶ್ರೀಕೃಷ್ಣ ಮಠದ ಸುತ್ತಮುತ್ತ ಯಾತ್ರಿಕರಿಗಾಗಿ ಛತ್ರ, ವಸತಿಗೃಹಗಳೂ ಇವೆ. ಆ ರೂಮುಗಳು ಸರಳ. ಮಠದಲ್ಲಿ ಮಧ್ಯಾಹ್ನದ ಅನ್ನಪ್ರಸಾದವೂ ಆಗುತ್ತದೆ.

ಮಣಿಪಾಲದಿಂದ ಪೂರ್ವಕ್ಕೆ ಪರ್ಕಳ ದಾಟಿ ಹತ್ತು-ಹನ್ನೆರಡು ಕಿ.ಮೀ. ಹೋದರೆ ಹಿರಿಯಡ್ಕ. ತೀರ್ಥಹಳ್ಳಿ ಕಡೆಯಿಂದ ಆಗುಂಬೆ ಘಾಟಿ ಇಳಿದು ಹೆಬ್ರಿ, ಪೆರ್ಡೂರು ಮಾರ್ಗವಾಗಿ ಬರುವವರಿಗೆ ಇದು ಮಣಿಪಾಲಕ್ಕಿಂತ ಮೊದಲೇ ಸಿಗುವ ಪೇಟೆ. ಇಂಥ ಸಣ್ಣ ಪೇಟೆಗಳಲ್ಲಿ ಬಾಡಿಗೆ ಕಡಿಮೆ, ಆದರೆ ರೂಮುಗಳೂ ಕಡಿಮೆ. ಫೋನು ಮಾಡಿ ಖಚಿತಪಡಿಸಿಕೊಳ್ಳದೆ ರಾತ್ರಿ ಬಂದು ಬಸ್ಸಿಳಿಯಬಾರದು.

ಶೃಂಗೇರಿ ಕಡೆಯವರಿಗೆ ದಾರಿಯಲ್ಲಿ ಕಾರ್ಕಳ ಸಿಗುತ್ತದೆ. ಅಲ್ಲಿ ತಂಗಲು ಅನುಕೂಲವಿದ್ದರೂ ಮಣಿಪಾಲಕ್ಕೆ ದಿನವೂ ಹೋಗಿ ಬರುವಷ್ಟು ಹತ್ತಿರವಲ್ಲ. ಘಾಟಿ ಇಳಿಯುವಾಗ ಕತ್ತಲಾದರೆ ಒಂದು ರಾತ್ರಿ ಕಳೆಯಲು ಅಡ್ಡಿಯಿಲ್ಲ. ಉಡುಪಿಯ ದಕ್ಷಿಣಕ್ಕಿರುವ ಕಾಪು ಕಡಲತೀರದ ಊರಾದ್ದರಿಂದ ರಜಾದಿನಗಳಲ್ಲಿ ಪ್ರವಾಸಿಗಳು ತುಂಬುತ್ತಾರೆ. ಅಲ್ಲಿಂದ ಮಣಿಪಾಲಕ್ಕೆ ಉಡುಪಿಯನ್ನು ಹಾದೇ ಹೋಗಬೇಕು. ಕಾಸರಗೋಡು ಕಡೆಯ ಸದಸ್ಯರಿಗೆ ರೈಲೇ ಸುಲಭ. ಉಡುಪಿ ರೈಲು ನಿಲ್ದಾಣ ಇರುವುದು ಉಡುಪಿ ಮಣಿಪಾಲಗಳ ನಡುವಿನ ಇಂದ್ರಾಳಿಯಲ್ಲಿ.

ಲೆಕ್ಕ ಹಾಕುವ ಕ್ರಮ

ತಂದೆತಾಯಿ ಇಬ್ಬರು ಎರಡು ರಾತ್ರಿ ತಂಗುತ್ತಾರೆ, ಎರಡು ದಿನ ಮಗುವನ್ನು ಕಾಣುತ್ತಾರೆ ಎಂದಿಟ್ಟುಕೊಳ್ಳೋಣ. ಕೆಳಗಿನ ಬಾಡಿಗೆ, ಬಸ್ ದರಗಳು ಕ್ರಮ ತೋರಿಸಲು ಹಾಕಿದ ಅಂಕಿಗಳು. ಸದಸ್ಯರು ತಾವು ವಿಚಾರಿಸಿದ ದರಗಳನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಬೇಕು.

(ಅ) ಮಣಿಪಾಲ: ದಿನಕ್ಕೆ 1,600ರಂತೆ ರೂ. 3,200. ಜಿಎಸ್‌ಟಿ ರೂ. 160. ಓಡಾಟದ ಖರ್ಚಿಲ್ಲ. ಒಟ್ಟು ರೂ. 3,360.

(ಆ) ಉಡುಪಿ: ದಿನಕ್ಕೆ 1,000ದಂತೆ ರೂ. 2,000. ಜಿಎಸ್‌ಟಿ ರೂ. 100. ಬಸ್ಸಿಗೆ 15 ರೂಪಾಯಿಯ 8 ಟಿಕೇಟು, ರೂ. 120. ಒಟ್ಟು ರೂ. 2,220.

(ಇ) ಹಿರಿಯಡ್ಕ: ದಿನಕ್ಕೆ 700ರಂತೆ ರೂ. 1,400. ಜಿಎಸ್‌ಟಿ ರೂ. 70. ಬೆಳಗಿನ ಬಸ್ಸಿಗೆ 25 ರೂಪಾಯಿಯ 4 ಟಿಕೇಟು, ರೂ. 100. ರಾತ್ರಿ ತಡವಾಗಿ ರಿಕ್ಷಾದಲ್ಲಿ ಮರಳಿದರೆ 350ರಂತೆ ಎರಡು ಸಲ, ರೂ. 700. ಒಟ್ಟು ರೂ. 2,270.

ಬಾಡಿಗೆಯಲ್ಲಿ ಉಡುಪಿಗಿಂತ ದಿನಕ್ಕೆ 300 ರೂಪಾಯಿ ಅಗ್ಗವಾಗಿದ್ದ ಹಿರಿಯಡ್ಕ ಒಟ್ಟು ಲೆಕ್ಕದಲ್ಲಿ 50 ರೂಪಾಯಿ ಹೆಚ್ಚೇ ಆಯಿತು. ಆದರೆ ಸಂಜೆ ಬಸ್ಸು ಇರುವಾಗಲೇ ಮರಳುವುದಾದರೆ ರಿಕ್ಷಾದ 700 ಉಳಿದು, ಇನ್ನೂ 100 ರೂಪಾಯಿಯ ಟಿಕೇಟು ಸೇರಿ, ಒಟ್ಟು 1,670ಕ್ಕೆ ಇಳಿಯುತ್ತದೆ. ಅಂದರೆ ದೂರದ ರೂಮು ಅಗ್ಗವೋ ದುಬಾರಿಯೋ ಎಂಬುದನ್ನು ನಿರ್ಧರಿಸುವುದು ರಾತ್ರಿಯ ಕೊನೆಯ ಬಸ್ಸು. ಅದರ ವೇಳೆ ತಿಳಿಯದೆ ರೂಮು ಗೊತ್ತುಮಾಡಬಾರದು.

ಇಲ್ಲಿ ಎರಡು ವಿಷಯ ಗಮನಿಸಬೇಕು. ದಿನಕ್ಕೆ ರೂ. 7,500ರವರೆಗಿನ ರೂಮುಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಲಾಡ್ಜಿನವರು ಈ ತೆರಿಗೆ ಕೇಳುವಂತಿಲ್ಲ. ಇನ್ನೊಂದು, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಮಹಿಳೆಯರ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಸೇರಿದ್ದು. ಕರಾವಳಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಟಿಕೇಟಿನ ಹಣ ಲೆಕ್ಕದಲ್ಲಿರಲಿ.

ಯಾವಾಗ ಹೋಗಬೇಕು?

ನಮ್ಮ ಬಿಡುವು, ಮಗುವಿನ ಬಿಡುವು, ರೂಮಿನ ಬಿಡುವು ಮೂರೂ ಕೂಡಿಬರುವುದು ಕಷ್ಟ. ಮಳೆಗಾಲದಲ್ಲಿ ಬೋರ್ಡೋ ಸಿಂಪರಣೆಯ ಎರಡನೆಯ ಸುತ್ತು ಮುಗಿದ ಮೇಲೆ, ಕೊಯ್ಲಿನ ಗಡಿಬಿಡಿ ಹಿಡಿಯುವ ಮೊದಲು, ಬೆಳೆಗಾರರಿಗೆ ಕೆಲವು ವಾರ ಪುರುಸೊತ್ತು. ಹೊಸದಾಗಿ ಸೇರಿದ ಮಗುವಿಗೂ ಮನೆಯ ನೆನಪು ಕಾಡುವ ಕಾಲ ಅದೇ. ಆದರೆ ಆಗಲೇ ಶ್ರೀಕೃಷ್ಣಾಷ್ಟಮಿ, ವಿಟ್ಲಪಿಂಡಿ ಬರುವುದರಿಂದ ಆ ದಿನಗಳನ್ನು ಬಿಟ್ಟು ಹೋಗಬೇಕು. ಮಳೆ ಜೋರಿದ್ದರೆ ಹೊರಡುವ ಮುನ್ನ ಘಾಟಿಯ ಸ್ಥಿತಿ ವಿಚಾರಿಸಿಕೊಳ್ಳಬೇಕು.

ಮಕರ ಸಂಕ್ರಾಂತಿಯ ಉತ್ಸವದ ದಿನಗಳಲ್ಲಿ ಉಡುಪಿ ತುಂಬಿರುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಹೊತ್ತಿನಲ್ಲಿ ರೂಮಿನ ಆಸೆಯನ್ನೇ ಬಿಡಬೇಕು. 2026ರ ನಂತರದ್ದು 2028ರಲ್ಲಿ ಬರುತ್ತದೆ. ಜನವರಿಯ ಕೊನೆಯ ವಾರ ಅತ್ತೂರಿನ ಸಾಂತ್‌ಮಾರಿಗೆ ಕಾರ್ಕಳದಲ್ಲಿಯೂ ಜನಸಂದಣಿ.

ವಾರದಲ್ಲಿ ಶನಿವಾರ ರಾತ್ರಿ ಪ್ರವಾಸಿಗಳ ಗದ್ದಲ. ಭಾನುವಾರ ಮಧ್ಯಾಹ್ನ ಅವರು ರೂಮು ಬಿಡುತ್ತಾರೆ. ಆದುದರಿಂದ ಭಾನುವಾರ ಬೆಳಗ್ಗೆ ತಲುಪಿ, ಹಗಲೆಲ್ಲ ಮಗುವಿನೊಡನೆ ಕಳೆದು, ಆ ರಾತ್ರಿಗೆ ಮಾತ್ರ ರೂಮು ಹಿಡಿಯುವುದು ಉಳಿತಾಯದ ದಾರಿ. ಎರಡು ರಾತ್ರಿಯ ಖರ್ಚು ಒಂದಕ್ಕೆ ಇಳಿಯುತ್ತದೆ.

ಮುಂಗಡ ಕೊಡುವ ಮೊದಲು ಕೇಳಬೇಕಾದುದು

1. ರೂಮಿನ ದಿನ 24 ಗಂಟೆಯದೋ, ಮಧ್ಯಾಹ್ನ 12ಕ್ಕೆ ಮುಗಿಯುವುದೋ? ಬೆಳಗ್ಗೆ 6ಕ್ಕೆ ಬಸ್ಸಿಳಿಯುವವರಿಗೆ ಇದರಿಂದ ಒಂದು ದಿನದ ಬಾಡಿಗೆಯೇ ವ್ಯತ್ಯಾಸವಾಗುತ್ತದೆ.
2. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ? ಹೆಚ್ಚುವರಿ ಹಾಸಿಗೆಗೆ ಎಷ್ಟು?
3. ಮಗ ಅಥವಾ ಮಗಳು ಹಗಲು ರೂಮಿಗೆ ಬಂದು ಕುಳಿತು ಊಟ ಮಾಡಬಹುದೋ? ಕೆಲವು ಕಡೆ ಹೊರಗಿನವರನ್ನು ಬಿಡುವುದಿಲ್ಲ.
4. ಬರಲಾಗದಿದ್ದರೆ ಮುಂಗಡ ಹಿಂದೆ ಸಿಗುವುದೋ?

ಇದರ ಜೊತೆಗೆ ಹಾಸ್ಟೆಲಿನ ವಾರ್ಡನರನ್ನು ಮಗುವಿನ ಮೂಲಕ ಎರಡು ವಿಷಯ ಕೇಳಿಸಬೇಕು: ಪೋಷಕರಿಗೆ ಅತಿಥಿ ಕೊಠಡಿ ಇದೆಯೇ, ರಾತ್ರಿ ಎಷ್ಟು ಗಂಟೆಯೊಳಗೆ ಮಗು ಒಳಗಿರಬೇಕು? ಹಾಸ್ಟೆಲಿನ ಬಾಗಿಲು ಹಾಕುವ ವೇಳೆಯೂ ಕೊನೆಯ ಬಸ್ಸಿನ ವೇಳೆಯೂ ಗೊತ್ತಾದರೆ ಎಲ್ಲಿ ತಂಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಎಚ್ಚರಿಕೆ

ಮೊಬೈಲಿನಲ್ಲಿ ಹುಡುಕಿದಾಗ ಸಿಗುವ ಎಲ್ಲ ನಂಬರುಗಳೂ ನಿಜವಲ್ಲ. ಯಾತ್ರಾಸ್ಥಳಗಳ ವಸತಿಗೃಹದ ಹೆಸರಿನಲ್ಲಿ ಸುಳ್ಳು ಪುಟ ಮಾಡಿ ಮುಂಗಡ ಕೀಳುವವರಿದ್ದಾರೆ. ಪೂರ್ತಿ ಹಣ ಮೊದಲೇ ಕಳುಹಿಸೆಂದರೆ ಸಂಶಯಪಡಬೇಕು. ಸಾಧ್ಯವಾದರೆ ಮಗುವೇ ಒಮ್ಮೆ ಹೋಗಿ ರೂಮು ನೋಡಿಬರಲಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಗುರುತಿಗೆ ಆಧಾರ್ ಪ್ರತಿ ಕೊಡುವಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಮುದ್ರಿಸಿಕೊಂಡು ಹೋಗಬಹುದು.

ಮಗುವಿಗೆ ಕಾಯಿಲೆ ಎಂದು ಹೊರಟಾಗ ಮಾತ್ರ ಮೇಲಿನ ಲೆಕ್ಕವನ್ನೆಲ್ಲ ಬದಿಗಿಡಬೇಕು. ಆಗ ನಡೆದು ಹೋಗುವಷ್ಟು ಹತ್ತಿರದ ರೂಮೇ ಸರಿ. ಉಳಿದ ಸಲ ಲೆಕ್ಕ ಹಾಕಿ ಉಳಿಸಿದ ಹಣ ಇಂಥ ದಿನಕ್ಕೆ ಒದಗುತ್ತದೆ.

ಸಂಘದ ಮೂಲಕ

ಗೊಬ್ಬರವನ್ನು ಒಟ್ಟಾಗಿ ಕೊಳ್ಳುವ ನಾವು ಈ ತಿಳುವಳಿಕೆಯನ್ನೂ ಒಟ್ಟುಮಾಡಬಹುದು. ಮಕ್ಕಳನ್ನು ನೋಡಿ ಬಂದ ಸದಸ್ಯರು ತಂಗಿದ ಜಾಗ, ತಿಂಗಳು, ಕೊಟ್ಟ ಬಾಡಿಗೆ, ನೀರಿನ ಅನುಕೂಲ, ಕೊನೆಯ ಬಸ್ಸಿನ ವೇಳೆ ಇಷ್ಟನ್ನು ಸಂಘದ ಕಚೇರಿಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಹೋಗುವವರಿಗೆ ದಾರಿಯಾಗುತ್ತದೆ. ಒಂದೇ ಊರಿನ ಎರಡು ಮೂರು ಮನೆಯವರು ಜೊತೆಯಾಗಿ ಹೊರಟರೆ ವಾಹನದ ಬಾಡಿಗೆಯೂ ಹಂಚಿಹೋಗುತ್ತದೆ. ಮನೆಯಿಂದ ಒಯ್ಯುವ ಹಪ್ಪಳ, ಉಪ್ಪಿನಕಾಯಿಯನ್ನು ಜೊತೆಯವರ ಮಕ್ಕಳಿಗೂ ತಲುಪಿಸಬಹುದು. ಮುಂದಿನ ಸಿಂಪರಣೆ ಮುಗಿದೊಡನೆ, ಕೊಯ್ಲಿನ ಆಳು ಗೊತ್ತುಮಾಡುವ ಮೊದಲೇ, ಕ್ಯಾಲೆಂಡರಿನಲ್ಲಿ ಒಂದು ಭಾನುವಾರವನ್ನು ಗುರುತು ಹಾಕಿಕೊಳ್ಳಿರಿ.