ಗೇರುಬೀಜ: ಯಾರಿಗೆ ಎಷ್ಟು ಮಿತ, ಎಷ್ಟು ಅತಿ?



ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಗೇರು ಮರ ಇಂದು ನಮ್ಮ ಕರಾವಳಿಯದೇ ಮರವಾಗಿದೆ. ಕಾರ್ಕಳ, ಉಡುಪಿ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದ ತಾಯಂದಿರು ಅನೇಕರಿದ್ದಾರೆ. ಕ್ರಿಸ್ಮಸ್ಸಿನ ಕುಸ್ವಾರ್ ಇರಲಿ, ಮದುವೆಯ ಪಾಯಸವಿರಲಿ, ಗೇರುಬೀಜ ಬೇಕೇ ಬೇಕು. ಕೊಲ್ಲಿ ರಾಷ್ಟ್ರಗಳಿಂದ ಊರಿಗೆ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಬಾದಾಮಿ, ಪಿಸ್ತಾಗಳೂ ಇರುತ್ತವೆ. ಹಿಂದೆ ಹಬ್ಬಕ್ಕೆಂದು ಎತ್ತಿಡುತ್ತಿದ್ದ ಈ ಬೀಜಗಳು ಈಗ ಎಷ್ಟೋ ಮನೆಗಳಲ್ಲಿ ದಿನವೂ ಕೈಗೆಟುಕುವ ಡಬ್ಬದಲ್ಲಿವೆ.

ಇವುಗಳ ಬಗ್ಗೆ ನಮ್ಮಲ್ಲಿ ಎರಡು ಮಾತುಗಳಿವೆ. "ಗೇರುಬೀಜದಲ್ಲಿ ಬರೀ ಕೊಬ್ಬು, ಮುಟ್ಟಲೇಬಾರದು" ಎನ್ನುವವರು ಕೆಲವರು. "ಹೃದಯಕ್ಕೆ ಒಳ್ಳೆಯದು, ಎಷ್ಟು ತಿಂದರೂ ಚಿಂತೆಯಿಲ್ಲ" ಎನ್ನುವವರು ಇನ್ನು ಕೆಲವರು. ಇವೆರಡರಲ್ಲಿ ಯಾವುದು ಸರಿ?

ಮೊದಲು ಒಳಿತನ್ನು ನೋಡೋಣ. ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದವರು ಸಕ್ಕರೆ ಕಾಯಿಲೆಯ 300 ಮಂದಿಯ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿಗೆ 12 ವಾರ ದಿನಕ್ಕೆ 30 ಗ್ರಾಂ ಗೇರುಬೀಜ ಕೊಡಲಾಗಿತ್ತು. ಆ ಗುಂಪಿನವರ ರಕ್ತದೊತ್ತಡ ತುಸು ಇಳಿದು, ಒಳ್ಳೆಯ ಕೊಲೆಸ್ಟರಾಲ್ ಏರಿತು, ತೂಕ ಹೆಚ್ಚಲಿಲ್ಲ. ಆದ್ದರಿಂದ ಗೇರುಬೀಜ ಮುಟ್ಟಲೇಬಾರದೆಂಬ ಮಾತು ಸರಿಯಲ್ಲ. ಆದರೆ ಆ ಅಧ್ಯಯನದ 30 ಗ್ರಾಮನ್ನು ನಾವು ಮರೆಯಬಾರದು.

30 ಗ್ರಾಂ ಅಂದರೆ ಎಷ್ಟು? ಅಂಗಡಿಯಲ್ಲಿ ಗೇರುಬೀಜಕ್ಕೆ 180, 240, 320 ಎಂಬ ನಂಬ್ರಗಳಿರುತ್ತವೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಮಿಗೆ, ಎಷ್ಟು ಇಡೀ ಬೀಜಗಳು ತೂಗುತ್ತವೆ ಎಂಬುದೇ ಆ ನಂಬ್ರದ ಅರ್ಥ. ಈ ಲೆಕ್ಕದಲ್ಲಿ 320ರ ಬೀಜವಾದರೆ ಸುಮಾರು ಇಪ್ಪತ್ತು, ದೊಡ್ಡದಾದ 180ರ ಬೀಜವಾದರೆ ಹನ್ನೆರಡು. ಮಾತಾಡುತ್ತಾ ಕೈ ಡಬ್ಬಕ್ಕೆ ಹೋಗುತ್ತಿದ್ದರೆ ಹತ್ತು ನಿಮಿಷದಲ್ಲಿ ಈ ಮಿತಿ ದಾಟಿರುತ್ತದೆ.

ದಾಟಿದರೆ ಏನಾಗುತ್ತದೆ? 100 ಗ್ರಾಂ ಗೇರುಬೀಜದಲ್ಲಿ ಸುಮಾರು 550 ಕ್ಯಾಲೊರಿ ಇದೆ. 150 ಗ್ರಾಂ ಕುಚ್ಚಲಕ್ಕಿಯ ಗಂಜಿಗಿಂತ ಇದು ಕಡಿಮೆಯಲ್ಲ. ಊಟ ಕಡಿಮೆ ಮಾಡದೆ ದಿನವೂ ಇಷ್ಟು ತಿಂದರೆ ಮೈತೂಕ ಏರುತ್ತದೆ. ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಉಪ್ಪು ಹಚ್ಚಿ ಹುರಿದ ಬೀಜವಾದರೆ ರಕ್ತದೊತ್ತಡದವರಿಗೆ ಇನ್ನೊಂದು ಹೊರೆ. ದಿನಕ್ಕೆ ಎಲ್ಲ ಸೇರಿ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೂತ್ರಪಿಂಡದ ವಿಷಯ ಇನ್ನೂ ಗಂಭೀರ. ಗೇರುಬೀಜ, ಬಾದಾಮಿ ಎರಡರಲ್ಲೂ ಆಕ್ಸಲೇಟ್ ಎಂಬ ವಸ್ತು ಹೆಚ್ಚಾಗಿದೆ. ಮೂತ್ರದಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗಬಲ್ಲದು. ನಮ್ಮ ಹಿತ್ತಲಿನ ಬಿಂಬುಳಿಯಲ್ಲಿಯೂ ಇದೇ ವಸ್ತುವಿದೆ. ಕೊಲೆಸ್ಟರಾಲ್ ಇಳಿಯಲೆಂದು ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡ ರೋಗಿಗಳ ವರದಿಯನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದರು. ಒಳ್ಳೆಯದೆಂದು ನಂಬಿ ತೆಗೆದುಕೊಂಡದ್ದೇ ಅವರಿಗೆ ಮುಳುವಾಯಿತು.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಮಿತದ ಬಗ್ಗೆ ಹೇಳುವಾಗ ಮಿಲೋ ಎಂಬ ಜಟ್ಟಿಯ ಉದಾಹರಣೆ ಕೊಡುತ್ತಾನೆ. ಮಿಲೋವಿಗೆ ಸಾಲದ ಊಟ ಹೊಸದಾಗಿ ವ್ಯಾಯಾಮ ಕಲಿಯುವವನಿಗೆ ಅತಿಯಾಗುತ್ತದೆ. ಮಿತವೆಂಬುದು ತಕ್ಕಡಿಯಲ್ಲಿ ಎಲ್ಲರಿಗೂ ಒಂದೇ ಅಲ್ಲ. ತಿನ್ನುವವನನ್ನು ನೋಡಿ ಅದನ್ನು ನಿರ್ಣಯಿಸಬೇಕು. ಸಂತ ಥಾಮಸ್ ಅಕ್ವಿನಾಸರೂ ಈ ವಿಚಾರವನ್ನು ಒಪ್ಪಿಕೊಂಡಿದ್ದಾರೆ. ನಮ್ಮ ಎರಡು ಮಾತುಗಳ ದೋಷ ಇಲ್ಲಿಯೇ ಇದೆ. ಎರಡೂ ಬೀಜವನ್ನು ನೋಡುತ್ತವೆ, ತಿನ್ನುವವರನ್ನು ನೋಡುವುದಿಲ್ಲ.

ಗದ್ದೆಯಲ್ಲಿ ದುಡಿಯುವ ಯುವಕನಿಗೆ ಒಂದು ಹಿಡಿ ಗೇರುಬೀಜ ಏನೂ ಅಲ್ಲ. ಮೂತ್ರಪಿಂಡ ಸೋತಿರುವ ಅಜ್ಜನಿಗೆ ಅದೇ ಹಿಡಿ ಹೆಚ್ಚಾಗಬಹುದು. ಅದರಲ್ಲಿರುವ ಪೊಟ್ಯಾಸಿಯಂ ಮತ್ತು ರಂಜಕವನ್ನು ಅವರ ದೇಹ ಸರಿಯಾಗಿ ಹೊರಹಾಕಲಾರದು. ಐದು ವರ್ಷದೊಳಗಿನ ಮಗುವಿಗೆ ಇಡೀ ಬೀಜ ಒಂದನ್ನೂ ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಂಡೀತು. ಒಗ್ಗದಿರುವವರಿಗೆ ಒಂದೇ ಬೀಜದಿಂದಲೂ ತುಟಿ ಬಾತು, ಉಸಿರು ಕಟ್ಟಬಹುದು. ಹಾಗಾದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿದ ನೆಲಗಡಲೆ, ಗೇರುಬೀಜ ಯಾರಿಗೂ ಬೇಡ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ನಮ್ಮ ಮನೆಗಳಲ್ಲಿ ಪ್ರೀತಿ ಬಟ್ಟಲಿನ ಮೂಲಕವೇ ಹೆಚ್ಚಾಗಿ ಪ್ರಕಟವಾಗುತ್ತದೆ. ದುಬಾಯಿಯಿಂದ ಬಂದ ಮಗಳು "ತಿನ್ನಿ ಅಪ್ಪಾ, ನಿಮಗೆಂದೇ ತಂದದ್ದು" ಎಂದಾಗ ಬೇಡವೆನ್ನಲು ಯಾವ ತಂದೆಗೆ ಮನಸ್ಸು ಬರುತ್ತದೆ? ಕೊಡುವ ಮೊದಲು ಆಕೆ ಅಪ್ಪನ ರಕ್ತಪರೀಕ್ಷೆಯ ಚೀಟಿ ನೋಡಲಿ. ಮಣಿಪಾಲಕ್ಕೋ ಕಾಪುವಿನ ವೈದ್ಯರಲ್ಲಿಗೋ ತಪಾಸಣೆಗೆ ಕರೆದುಕೊಂಡು ಹೋದಾಗ "ಇವರು ಎಷ್ಟು ತಿನ್ನಬಹುದು?" ಎಂದು ಕೇಳಿ ಬರಲಿ. ಆಮೇಲೆ ಐದೇ ಬೀಜ ಎಣಿಸಿ ಕೊಟ್ಟರೂ ಪ್ರೀತಿ ಕಡಿಮೆಯಾಗುವುದಿಲ್ಲ.

ಕುಟುಂಬದಲ್ಲಿ ಚರ್ಚಿಸೋಣ:

1. ನಮ್ಮ ಮನೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು ಯಾರು? ಅವರ ಮಿತ ನಮಗೆ ಗೊತ್ತಿದೆಯೇ?

2. ಡಬ್ಬದಿಂದ ನೇರವಾಗಿ ತಿನ್ನುವ ಬದಲು, ಪ್ರತಿಯೊಬ್ಬರ ಪಾಲನ್ನು ಚಿಕ್ಕ ಬಟ್ಟಲಿಗೆ ಹಾಕಿಡಬಹುದೇ?

3. ಹಿರಿಯರು "ನನಗೆ ಸಾಕು" ಎಂದಾಗ ನಾವು ಒತ್ತಾಯಿಸುತ್ತೇವೆಯೇ, ಅವರ ಮಾತಿಗೆ ಬೆಲೆ ಕೊಡುತ್ತೇವೆಯೇ?