ಕಾಗುಣಿತದ ಅಂತರವನ್ನು ಅಳೆಯುವುದು ಹೇಗೆ?

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯ ರೈತನೊಬ್ಬನ ಹೆಸರು ಪಹಣಿಯಲ್ಲಿ ‘ನಾರಾಯಣಸ್ವಾಮಿ’ ಎಂದೂ ಆಧಾರ್ ಚೀಟಿಯಲ್ಲಿ ‘ನಾರಾಯಣಸಾಮಿ’ ಎಂದೂ ಇದೆಯೆಂದು ಭಾವಿಸೋಣ. ಊರಿನವರಿಗೆ ಈತನು ಯಾರೆಂಬುದರಲ್ಲಿ ಸಂದೇಹವೇ ಇಲ್ಲ. ಆದರೆ ಗಣಕಯಂತ್ರಕ್ಕೆ ಊರೂ ತಿಳಿಯದು, ಮನುಷ್ಯನೂ ತಿಳಿಯದು. ಅದು ಬಲ್ಲುದು ಸಂಕೇತಗಳ ಸಾಲನ್ನು ಮಾತ್ರ. ಸಾಲುಗಳು ಹೊಂದದಿದ್ದರೆ ಆಸಾಮಿಗಳು ಇಬ್ಬರೆಂದೇ ಅದರ ತೀರ್ಪು. ಬರಬೇಕಾದ ಸಹಾಯಧನವು ನಿಂತುಹೋಗುವುದಕ್ಕೆ ಒಂದು ವಕಾರದ ಒತ್ತು ಸಾಕು.

ಹಾಗಾದರೆ ‘ಹೆಚ್ಚು ಕಡಿಮೆ ಒಂದೇ’ ಎಂಬ ಮಾತನ್ನು ಯಂತ್ರಕ್ಕೆ ತಿಳಿಸುವುದೆಂತು? ಅದನ್ನು ಸಂಖ್ಯೆಯಾಗಿ ಮಾಡಬೇಕು. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ ತಪ್ಪುಗಳನ್ನು ತಿದ್ದಿಕೊಳ್ಳುವ ಸಂಕೇತಗಳನ್ನು ಕುರಿತು 1965ರಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ದಾರಿಯಿದೆ. ಒಂದು ಸಾಲನ್ನು ಇನ್ನೊಂದಾಗಿ ಮಾರ್ಪಡಿಸಲು ಒಂದು ಚಿಹ್ನೆಯನ್ನು ಸೇರಿಸಬಹುದು, ಅಳಿಸಬಹುದು ಅಥವಾ ಬದಲಿಸಬಹುದು. ಇಂಥ ಕ್ರಿಯೆಗಳು ಕನಿಷ್ಠ ಎಷ್ಟು ಬೇಕೋ ಅದೇ ಆ ಎರಡು ಸಾಲುಗಳ ಅಂತರ.

ಲೆಕ್ಕವು ಸುಲಭ. ಚೌಕಳಿಯೊಂದರ ಮೇಲಂಚಿನಲ್ಲಿ ಒಂದು ಹೆಸರನ್ನೂ ಎಡದಂಚಿನಲ್ಲಿ ಇನ್ನೊಂದನ್ನೂ ಬರೆಯಿರಿ. ಎಡ ಮನೆಯ ಸಂಖ್ಯೆಗೆ 1, ಮೇಲಿನ ಮನೆಯ ಸಂಖ್ಯೆಗೆ 1, ಓರೆ ಮನೆಯ ಸಂಖ್ಯೆಗೆ ಚಿಹ್ನೆಗಳು ಒಂದೇ ಆದರೆ 0, ಬೇರೆಯಾದರೆ 1 ಕೂಡಿಸಿ, ಮೂರರಲ್ಲಿ ಚಿಕ್ಕದನ್ನು ಪ್ರತಿಯೊಂದು ಮನೆಯಲ್ಲಿಯೂ ತುಂಬುತ್ತ ಹೋದರೆ ಕೊನೆಯ ಮನೆಯಲ್ಲಿ ಉತ್ತರ ದೊರೆಯುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ, ಬೆಳಕು ಕನಿಷ್ಠ ಕಾಲದ ಹಾದಿಯನ್ನು ಹಿಡಿಯುವುದೆಂಬ ಫರ್ಮಾನ ತತ್ತ್ವವು ಇಲ್ಲಿ ನೆನಪಾದರೆ ಆಶ್ಚರ್ಯವಿಲ್ಲ.

ಸ್ಕಾಟ್‌ಲೆಂಡಿನ ಸ್ಕಾಟ್ಸ್ ನುಡಿಯವರಿಗೂ ಈ ತೊಡಕುಂಟು. ‘ಒಳ್ಳೆಯ’ ಎಂಬರ್ಥದ ಒಂದೇ ಪದವನ್ನು ಅವರು ಜಿ–ಯು–ಐ–ಡಿ ಎಂದೂ ಜಿ–ಯು–ಡಿ–ಇ ಎಂದೂ ಬರೆದಿದ್ದಾರೆ, ಅಂತರ 2.

ಕನ್ನಡದಲ್ಲಿ ಮೊದಲನೆಯ ತೊಡಕು ಇನ್ನೂ ಕೆಳಗಿದೆ. ‘ಜಂಗಮಕೋಟೆ’ ಎಂಬಲ್ಲಿ ನಮ್ಮ ಎಣಿಕೆಗೆ ಅಕ್ಷರಗಳು ಐದು. ಯುನಿಕೋಡ್ ಪದ್ಧತಿಯಲ್ಲಿ ಅನುಸ್ವಾರವೂ ಸ್ವರಚಿಹ್ನೆಗಳೂ ಬೇರೆ ಬೇರೆಯಾಗಿ ಎಂಟು ಸಂಕೇತಗಳಾಗುತ್ತವೆ. ಅದರಲ್ಲಿಯೂ ‘ಕೋ’ ಎಂಬುದರ ಓಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅಂತರ 3! ಆದುದರಿಂದ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ತೆಲುಗಿನವರು ‘ಜಂಗಮಕೋಟ’ ಎಂದರೆ ನಿಜವಾದ ಅಂತರ 1 ಮಾತ್ರ.

ಇನ್ನು ನಮ್ಮ ರೈತನ ಮಾತು. ‘ನಾರಾಯಣಸ್ವಾಮಿ’ಯಲ್ಲಿ 12 ಸಂಕೇತಗಳು, ‘ನಾರಾಯಣಸಾಮಿ’ಯಲ್ಲಿ 10. ವಿರಾಮ ಚಿಹ್ನೆಯನ್ನೂ ವಕಾರವನ್ನೂ ಅಳಿಸಿದರೆ ಎರಡೂ ಒಂದಾಗುತ್ತವೆ, ಅಂತರ 2. ಅಂತರವು 2 ಇದ್ದರೂ ಒಬ್ಬನೇ ಎಂದು ನಿಯಮ ಮಾಡಿಬಿಡೋಣವೆ? ತಾಳಿ. ‘ಮುನಿಯಪ್ಪ’, ‘ಮುನಿಯಮ್ಮ’ ಈ ಹೆಸರುಗಳನ್ನು ತೂಗಿ ನೋಡಿ. ಎರಡು ಪಕಾರಗಳಿಗೆ ಎರಡು ಮಕಾರಗಳು: ಇಲ್ಲಿಯೂ ಅಂತರ 2! ಗಂಡಸಿನ ಜಮೀನು ಹೆಂಗಸಿನ ಖಾತೆಗೆ, ಹೆಂಗಸಿನದು ಗಂಡಸಿನ ಖಾತೆಗೆ ಹೋಗಲು ಇಷ್ಟೇ ಸಾಕು.

ದೋಷವಿರುವುದು ಎಲ್ಲ ಬದಲಾವಣೆಗಳನ್ನೂ ಸಮವೆಂದು ಎಣಿಸಿದುದರಲ್ಲಿ. ಜನರ ನಾಲಗೆಯಲ್ಲಿ ‘ಸ್ವ’ ಎಂಬುದು ‘ಸ’ ಆಗುವುದು ಸಹಜ; ‘ಶಿಡ್ಲಘಟ್ಟ’ವನ್ನು ‘ಸಿಡ್ಲಘಟ್ಟ’ ಎನ್ನುವುದೂ ಹಾಗೆಯೇ. ‘ಪ್ಪ’ ಮಾತ್ರ ‘ಮ್ಮ’ ಆಗುವುದಿಲ್ಲ. ಆದುದರಿಂದ ಸಹಜವಾದ ಬದಲಾವಣೆಗೆ ಕಡಿಮೆ ತೂಕವನ್ನು ಕೊಡಬೇಕು. ‘ಸ್ವ–ಸ’ ಎಂಬುದಕ್ಕೆ 0.3 ಎಂದು ಇಟ್ಟುಕೊಂಡರೆ ರೈತನ ಎರಡು ಹೆಸರುಗಳ ಅಂತರವು 0.3ಕ್ಕೆ ಇಳಿಯುತ್ತದೆ, ಮುನಿಯಪ್ಪ–ಮುನಿಯಮ್ಮ 2ರಲ್ಲಿಯೇ ನಿಲ್ಲುತ್ತವೆ. ಈ 0.3 ನಾನು ಉದಾಹರಣೆಗೆಂದು ಹಾಕಿಕೊಂಡದ್ದು. ನಿಜವಾದ ಕೆಲಸದಲ್ಲಿ, ಒಬ್ಬರವೇ ಎಂದು ಗೊತ್ತಾದ ಹಲವಾರು ಹೆಸರು ಜೋಡಿಗಳನ್ನು ಪರೀಕ್ಷಿಸಿ ತೂಕವನ್ನು ನಿಗದಿ ಮಾಡಬೇಕು. ಈ ಭಾಗವೇ ಶ್ರಮದ್ದು. ಚೌಕಳಿ ತುಂಬುವುದು ಮಕ್ಕಳ ಆಟ.

ತೂಕವನ್ನು ಕಂಡಲ್ಲೆಲ್ಲ ಇಳಿಸುವುದೂ ಅಪಾಯಕರ. ಲಕಾರ ಳಕಾರಗಳ ನಡುವೆ ಜಾರುವವರು ಬಹಳ ಮಂದಿ ಎಂದು ಅವಕ್ಕೆ 0.1 ಕೊಟ್ಟರೆ ‘ಬೆಲೆ’ಯೂ ‘ಬೆಳೆ’ಯೂ ಒಂದಾಗುತ್ತವೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ಯಾವನೂ ಇದನ್ನು ಒಪ್ಪಲಾರನು.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆಯಷ್ಟೆ. ಅಲ್ಲಿ ಅಂತರ ಸೊನ್ನೆ, ಜನ ಮಾತ್ರ ಇಬ್ಬರು! ಇಂಥ ಕಡೆ ಹೆಸರೊಂದನ್ನೇ ನಂಬದೆ ತಂದೆಯ ಹೆಸರನ್ನೂ ಸರ್ವೆ ನಂಬರನ್ನೂ ಕೂಡಿಸಿ ಹೋಲಿಸಬೇಕು. ಆಗಲೂ ಬಗೆಹರಿಯದ ಜೋಡಿಗಳನ್ನು ಯಂತ್ರವು ಬೇರೆ ತೆಗೆದಿಟ್ಟರೆ, ಊರನ್ನು ಬಲ್ಲವರು ಅವನ್ನು ನೋಡಿ ತೀರ್ಮಾನಿಸಬಹುದು.