ಮುಸುಕಿನ ಜೋಳದ ಮೂಟೆಗೆ ಬಯೋಸೆನ್ಸರ್ ಏಕೆ?

ಹಾಸನ ಜಿಲ್ಲೆಯ ಬಸ್ತಿಹಳ್ಳಿಗೆ ಹೊರಗಿನವರು ಬರುವುದು ಬಸದಿ ನೋಡಲು. 1133ರ ಪಾರ್ಶ್ವನಾಥ ಬಸದಿಯ ಕಂಬಗಳ ನುಣುಪನ್ನು ಸವರಿ ನೋಡಿ, ಫೋಟೊ ತೆಗೆದುಕೊಂಡು ಹಳೇಬೀಡಿನ ದಾರಿ ಹಿಡಿಯುತ್ತಾರೆ. ಸುಗ್ಗಿಯಲ್ಲಿ ಬಂದವರಿಗೆ ಈ ಸೀಮೆಯ ರಸ್ತೆಯಂಚಿನಲ್ಲಿ ಉದ್ದಕ್ಕೂ ಹರವಿದ ಮುಸುಕಿನ ಜೋಳವೂ ಕಾಣುತ್ತದೆ. ಕಣ ಮಾಡುವವರು ಕಡಿಮೆಯಾದ ಮೇಲೆ ಟಾರು ರಸ್ತೆಯೇ ಕಣ. ಮೋಡ ಕವಿದರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕು. ನಾವು ಕಲಿಯಬೇಕಾದ್ದು ಈ ಓಟದ ಹಿಂದಿರುವ ಲೆಕ್ಕವನ್ನು.

ಬೆಳೆ ಕೊಯ್ದಾದ ಮೇಲೆ ಗ್ರಾಹಕನ ಕೈ ಸೇರುವುದರೊಳಗೆ ಹಾಳಾಗುವುದನ್ನು ಕೊಯ್ಲೋತ್ತರ ನಷ್ಟ ಎನ್ನುತ್ತಾರೆ. ಜಗತ್ತಿನಲ್ಲಿ ಬೆಳೆದ ಆಹಾರದಲ್ಲಿ ಸುಮಾರು ಶೇ 14ರಷ್ಟು ಅಂಗಡಿ ಮುಟ್ಟುವ ಮೊದಲೇ ಹೋಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜು ಮಾಡಿತು. ಶ್ರೀಮಂತ ದೇಶಗಳಲ್ಲಿ ಹೆಚ್ಚು ಪೋಲಾಗುವುದು ಅಂಗಡಿಯಲ್ಲಿ, ತಟ್ಟೆಯಲ್ಲಿ. ನಮ್ಮಂಥ ದೇಶಗಳಲ್ಲಿ ಹೊಲ, ಕಣ, ಲಾರಿ, ಗೋದಾಮುಗಳಲ್ಲಿ. ಇಲಿ ತಿಂದದ್ದು, ಹುಳ ಕೊರೆದದ್ದು, ಲಾರಿಯಿಂದ ಸೋರಿದ್ದು ಕಣ್ಣಿಗೆ ಕಾಣುತ್ತದೆ, ತೂಕದಲ್ಲೂ ಸಿಗುತ್ತದೆ. ತೂಕ ಹಾಗೇ ಇದ್ದು ಕಾಳಿನೊಳಗೆ ವಿಷ ಕೂತಿದ್ದರೆ ತಕ್ಕಡಿ ಏನನ್ನೂ ಹೇಳದು. ಬಯೋಸೆನ್ಸರ್ ಬೇಕಾಗುವುದು ಅಲ್ಲಿ.

ಮೊದಲು ತೇವದ ವಿಷಯ. ಜೋಳವನ್ನು ದಾಸ್ತಾನು ಮಾಡಬೇಕಾದರೆ ತೇವಾಂಶ ಶೇ 14ಕ್ಕಿಂತ ಕೆಳಗಿರಬೇಕು. ತಿಂಗಳುಗಟ್ಟಲೆ ಇಡುವುದಾದರೆ ಇನ್ನೂ ಕಡಿಮೆ. ಶೇ 20 ತೇವವಿರುವ 100 ಕೆಜಿ ಜೋಳ ಇದೆ ಎನ್ನೋಣ. ಅದರಲ್ಲಿ ನೀರು 20 ಕೆಜಿ, ಒಣ ಭಾಗ 80 ಕೆಜಿ. ಅದನ್ನು ಶೇ 14ಕ್ಕೆ ಒಣಗಿಸಿದರೆ ತೂಕ ಸುಮಾರು 93 ಕೆಜಿಗೆ ಇಳಿಯುತ್ತದೆ. ಏಳು ಕೆಜಿ ಹೋಯಿತು. ಹೋದದ್ದು ಬರೀ ನೀರು, ಆದರೂ ರೈತನಿಗೆ ಅದು ದುಡ್ಡೇ. ಒಣ ಜೋಳಕ್ಕೆ ಆ ಏಳು ಕೆಜಿಯನ್ನು ತುಂಬಿಕೊಡುವಷ್ಟು ಹೆಚ್ಚಿನ ರೇಟು ಸಿಗದಿದ್ದರೆ ಯಾರು ತಾನೆ ಒಣಗಿಸುತ್ತಾರೆ? ಹಸಿ ಮಾಲು ಮಂಡಿಗೆ ಹೋಗುತ್ತದೆ. ಅಲ್ಲಿ ಮಾಯಿಶ್ಚರ್ ಮೀಟರ್ ಇರುವುದು ಕೊಳ್ಳುವವನ ಕೈಯಲ್ಲಿ. ಅವನು ಹೇಳಿದ ಅಂಕಿಗೆ ಎದುರಾಡಲು ರೈತನ ಹತ್ತಿರ ಇನ್ನೊಂದು ಅಂಕಿ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕೊಯ್ಲೋತ್ತರ ನಷ್ಟದ ಅರ್ಧ ಜಗಳ ಇಲ್ಲೇ ಇದೆ: ಅಳೆಯುವ ಸಾಧನ ಮಾರುವವನ ಮನೆಯಲ್ಲಿ ಇರುವುದಿಲ್ಲ.

ತೇವ ಉಳಿದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟುಗಳಲ್ಲಿ ಹಲವು ಜಾತಿ. ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಕಾಳಿನಲ್ಲಿ ಬಿಡುತ್ತದೆ. ಬೂಷ್ಟನ್ನು ಒರೆಸಿ ತೆಗೆದರೂ ವಿಷ ಉಳಿಯುತ್ತದೆ, ಅಡುಗೆಯ ಬಿಸಿಗೂ ಅದು ಪೂರ್ತಿ ನಾಶವಾಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಮೊದಲು ಸಿಕ್ಕಿಬಿತ್ತು. 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಹಿಡಿದು, ಬೂಷ್ಟು ಬಂದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ತೀರಿಕೊಂಡರು. ಊರ ನಾಯಿಗಳಿಗೂ ಅದೇ ಬೇನೆ ಬಂದಿತ್ತು.

ನಮ್ಮ ಹಾಸನ ಸೀಮೆಗೆ ಈ ವಿಷ ಇನ್ನೊಂದು ದಾರಿಯಿಂದ ಬರುತ್ತದೆ. ಇಲ್ಲಿ ಜೋಳದ ಬಹುಪಾಲು ಕೋಳಿ, ದನಗಳ ಮೇವಿಗೆ ಹೋಗುತ್ತದೆ. ವಿಷವಿರುವ ಮೇವು ತಿಂದ ಹಸುವಿನ ಹಾಲಿನಲ್ಲಿ ಅದು ಅಫ್ಲಾಟಾಕ್ಸಿನ್ ಎಂ1 ಎಂಬ ರೂಪದಲ್ಲಿ ಇಳಿಯುತ್ತದೆ. ಹಾಗಾಗಿ ಮಾರಲಾಗದ ಬೂಷ್ಟು ಜೋಳವನ್ನು ‘ದನಕ್ಕಾದರೂ ಆಗಲಿ’ ಎಂದು ಕೊಟ್ಟರೆ, ಅದು ಡೈರಿಯ ಕ್ಯಾನು ಹತ್ತಿ ಮಗುವಿನ ಲೋಟಕ್ಕೆ ಬರುತ್ತದೆ. ಕಾನೂನು ಧಾನ್ಯಕ್ಕೆ ಕೊಟ್ಟಿರುವ ಮಿತಿ ಒಂದು ಕೆಜಿಗೆ 15 ಮೈಕ್ರೊಗ್ರಾಂ. ಅಂದರೆ ಒಂದು ಟನ್ ಜೋಳದಲ್ಲಿ 15 ಮಿಲಿಗ್ರಾಂ. ಹಾಲಿಗೆ ಮಿತಿ ಇನ್ನೂ ಬಿಗಿ: ಕೆಜಿಗೆ 0.5 ಮೈಕ್ರೊಗ್ರಾಂ. ಇಷ್ಟು ಸಣ್ಣದನ್ನು ಮೂಗು, ಕಣ್ಣು, ನಾಲಗೆ ಹಿಡಿಯಲಾರವು.

ಹಿಡಿಯುವುದು ಹೇಗೆ? ನಮ್ಮವರು ರಾಗಿ ಇಡುತ್ತಿದ್ದ ನೆಲಗುಂಡಿ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಹಗ್ಗ ಕಟ್ಟಿ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ ಎಂದರ್ಥ. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳವೂ ಆಮ್ಲಜನಕವನ್ನು ಬಳಸಿ ಮುಗಿಸಿರುತ್ತವೆ. ಹುಳ ಸಾಯುವುದೂ, ರಾಗಿ ವರ್ಷಗಟ್ಟಲೆ ಕೆಡದಿರುವುದೂ ಅದರಿಂದಲೇ. ಆ ದೀಪ ಒಂದು ಸೆನ್ಸರ್. ಕಾಣದ ವಸ್ತುವಿಗೆ ಸ್ಪಂದಿಸುವ ಒಂದು ಭಾಗ, ಆ ಸ್ಪಂದನವನ್ನು ನಮಗೆ ಕಾಣಿಸುವ ಒಂದು ಭಾಗ, ಇವೆರಡೂ ಅದರಲ್ಲಿವೆ. ಸ್ಪಂದಿಸುವ ಭಾಗ ಜೀವಮೂಲದ್ದಾಗಿದ್ದರೆ, ಅಂದರೆ ಕಿಣ್ವವೋ ಪ್ರತಿಕಾಯವೋ ಡಿಎನ್‌ಎ ತುಣುಕೋ ಆಗಿದ್ದರೆ, ಅದು ಬಯೋಸೆನ್ಸರ್. ಅಮೆರಿಕದ ಲೀಲಂಡ್ ಕ್ಲಾರ್ಕ್ 1962ರಲ್ಲಿ ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸುವ ದಾರಿ ತೋರಿಸಿದರು. ಮನೆಮನೆಯಲ್ಲಿರುವ ಶುಗರ್ ಮೀಟರ್ ಆ ಸಂತತಿಯದು.

ಜೋಳಕ್ಕೆ ಈಗ ಸಿಗುವುದರಲ್ಲಿ ಸುಲಭವಾದದ್ದು ಪಟ್ಟಿ ಪರೀಕ್ಷೆ, ಕೋವಿಡ್ ಕಿಟ್ಟಿನ ಜಾತಿಯದು. ಕಾಳನ್ನು ನುಣ್ಣಗೆ ಬೀಸಿ, ಆಲ್ಕೊಹಾಲ್ ಬೆರೆತ ನೀರಿನಲ್ಲಿ ಕುಲುಕಿ, ಹಿಟ್ಟು ತಳ ಹಿಡಿದ ಮೇಲೆ ಮೇಲಿನ ತಿಳಿಯನ್ನು ತೆಳುವಾಗಿಸಿ ಪಟ್ಟಿಗೆ ಕೆಲವು ಹನಿ ಹಾಕಬೇಕು. ಪಟ್ಟಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿರುತ್ತವೆ. ಗೆರೆಯ ಕೆಂಪು ಅವುಗಳದೇ. ಇಲ್ಲಿ ಹೊಸಬರು ಎಡವುತ್ತಾರೆ. ಕೋವಿಡ್ ಕಿಟ್ಟಿನಲ್ಲಿ ಎರಡನೆಯ ಗೆರೆ ಬಂದರೆ ರೋಗ ಇದೆ ಎಂದಾಗಿತ್ತು. ಅಫ್ಲಾಟಾಕ್ಸಿನ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಉಲ್ಟಾ: ವಿಷ ಇದ್ದರೆ ಪರೀಕ್ಷೆಯ ಗೆರೆ ಮಸುಕಾಗುತ್ತದೆ ಅಥವಾ ಮಾಯವಾಗುತ್ತದೆ. ವಿಷದ ಅಣು ತೀರ ಚಿಕ್ಕದು, ಎರಡು ಪ್ರತಿಕಾಯಗಳು ಒಟ್ಟಿಗೆ ಹಿಡಿದುಕೊಳ್ಳಲು ಅದರಲ್ಲಿ ಜಾಗವಿಲ್ಲ. ಆದ್ದರಿಂದ ಗೆರೆಯಲ್ಲಿ ಮೊದಲೇ ವಿಷದ ಅಂಶವನ್ನು ಕೂರಿಸಿರುತ್ತಾರೆ. ಮಾದರಿಯಲ್ಲೂ ವಿಷ ಇದ್ದರೆ ಪ್ರತಿಕಾಯಗಳು ಅದರ ಜೊತೆಗೇ ಅಂಟಿಕೊಂಡು, ಗೆರೆಯಲ್ಲಿ ನಿಲ್ಲದೆ ಮುಂದೆ ಹೋಗುತ್ತವೆ. ಪಟ್ಟಿ ಸರಿಯಿದೆ ಎಂದು ತೋರಿಸುವ ನಿಯಂತ್ರಣ ಗೆರೆಯೇ ಬಾರದಿದ್ದರೆ ಪಟ್ಟಿ ಕೆಟ್ಟಿದೆ, ಎಸೆಯಿರಿ.

ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕಡಲೆಕಾಯಿಗಾಗಿ ಇಂಥ ಕಿಟ್ಟನ್ನು ರೂಪಿಸಿದೆ, ಪರೀಕ್ಷೆಯೊಂದಕ್ಕೆ ಎರಡು ಡಾಲರಿನೊಳಗೆ ಎಂಬ ಲೆಕ್ಕದಲ್ಲಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಆಹಾರದ ಬಯೋಸೆನ್ಸರ್‌ಗಳ ಕೆಲಸ ನಡೆದಿದೆ. ಮುಂದೆ ಬರುತ್ತಿರುವವುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಆಪ್ಟಮರ್ ಎಂಬ ಡಿಎನ್‌ಎ ತುಣುಕುಗಳ ಮೇಲೆ. ಪ್ರತಿಕಾಯಗಳಂತೆ ಅವು ಬಿಸಿಲಿಗೆ ಬೇಗ ಕೆಡುವುದಿಲ್ಲ. ಫ್ರಿಜ್ ಇಲ್ಲದ ಗೋದಾಮಿನಲ್ಲಿ ಇದು ಸಣ್ಣ ಮಾತಲ್ಲ. ಗೆರೆಯ ಬಣ್ಣವನ್ನು ಮೊಬೈಲ್ ಕ್ಯಾಮೆರಾದಿಂದ ಓದುವುದು ಪ್ರಚಾರದಲ್ಲಿ ಮಿಂಚುತ್ತಿದೆ, ಇರಲಿ.

ದೊಡ್ಡ ತೊಡಕು ಸೆನ್ಸರಿನಲ್ಲಿಲ್ಲ, ಮಾದರಿ ತೆಗೆಯುವುದರಲ್ಲಿದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಮೂಟೆಯ ವಿಷಯದಲ್ಲಿ ಅದು ನಡೆಯದು. ವಿಷ ಎಲ್ಲ ಕಾಳಿಗೂ ಸಮನಾಗಿ ಹಂಚಿರುವುದಿಲ್ಲ. ಸಾವಿರಾರು ಕಾಳು ಶುದ್ಧವಾಗಿದ್ದು, ಬೆರಳೆಣಿಕೆಯ ಕಾಳುಗಳಲ್ಲಿ ಅದು ದಟ್ಟವಾಗಿರಬಹುದು. ಮೇಲಿನ ಒಂದು ಹಿಡಿ ಬೀಸಿ ‘ಇಲ್ಲ’ ಎಂದರೆ ನಂಬಬೇಡಿ. ಹಲವು ಮೂಟೆಗಳಿಂದ, ಮೇಲೆ-ನಡು-ತಳ ಎಲ್ಲ ಕಡೆಯಿಂದ ಬಂಬು (ಕಾಳು ಹೊರತೆಗೆಯುವ ಚೂಪು ಕೊಳವೆ) ಚುಚ್ಚಿ ಕೆಲವು ಕೆಜಿ ತೆಗೆದು, ಎಲ್ಲವನ್ನೂ ಒಟ್ಟಿಗೆ ಬೀಸಿ ಬೆರೆಸಿ, ಆ ಹಿಟ್ಟಿನಲ್ಲಿ ಪರೀಕ್ಷೆಗೆ ಬೇಕಾದಷ್ಟು ತೆಗೆದುಕೊಳ್ಳಬೇಕು. ಒಬ್ಬ ರೈತ ಹತ್ತು ಮೂಟೆಗೆ ಇಷ್ಟೆಲ್ಲ ಮಾಡುವುದು ಕಷ್ಟ. ಹಾಲಿನ ಸಂಘಕ್ಕೋ ರೈತ ಉತ್ಪಾದಕ ಕಂಪನಿಗೋ ಸರಿಹೊಂದುವ ಕೆಲಸ ಇದು.

ಪಟ್ಟಿಯ ಗೆರೆ ಮಾಯವಾಯಿತು, ಆಮೇಲೆ? ಕಪ್ಪಾದ, ಒಡೆದ, ಹುಳ ಕೊರೆದ ಕಾಳು ಆರಿಸಿ ತೆಗೆದರೆ ವಿಷದ ಪ್ರಮಾಣ ಇಳಿಯುತ್ತದೆ. ಆರಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು. ತೆಗೆದದ್ದನ್ನು ಹಾಲು ಕೊಡುವ ಹಸುವಿಗಾಗಲಿ ಕೋಳಿಗಾಗಲಿ ಹಾಕಬಾರದು. ಇದನ್ನೆಲ್ಲ ಮಾಡಿದ ರೈತನಿಗೆ ಮಂಡಿಯಲ್ಲಿ ಒಂದು ರೂಪಾಯಿಯೂ ಹೆಚ್ಚಿಗೆ ಸಿಗದಿದ್ದರೆ ಮುಂದಿನ ವರ್ಷ ಕಿಟ್ಟು ಕಪಾಟಿನಲ್ಲೇ ಉಳಿಯುತ್ತದೆ. ಶುದ್ಧ ಜೋಳಕ್ಕೆ ಬೇರೆ ದರ ಕೊಡಲು ಮೇವಿನ ಕಾರ್ಖಾನೆಗಳು ಒಪ್ಪುವವರೆಗೂ, ಬಸ್ತಿಹಳ್ಳಿಯವರು ಮೊದಲು ಕೊಳ್ಳಬೇಕಾದದ್ದು ಗಟ್ಟಿ ಟಾರ್ಪಾಲು, ಊರಿಗೊಂದು ಮಾಯಿಶ್ಚರ್ ಮೀಟರ್, ಕಿಟ್ಟು ಆಮೇಲೆ.